ಮಂಗಳದ ಕಾಲುವೆಗಳೂ ಮಲೆನಾಡಿನ ಓತಿಯೂ

ವಿಜ್ಞಾನ ಕಾದಂಬರಿಯೊಂದನ್ನು ಮೆಚ್ಚಿದವರು ಅದನ್ನು ಹೊಗಳುವ ಬಗೆ ಹೆಚ್ಚುಕಡಿಮೆ ಒಂದೇ: ನೂರು ವರ್ಷದ ಹಿಂದೆಯೇ ಇದನ್ನೆಲ್ಲ ಹೇಳಿಬಿಟ್ಟಿದ್ದಾನೆ ನೋಡಿ! ಮಕ್ಕಳ ಪರಿಸರ ಪುಸ್ತಕವನ್ನು ಮೆಚ್ಚಿದವರ ಮಾತೂ ಅಷ್ಟೇ ಸಿದ್ಧವಾಗಿರುತ್ತದೆ: ಎಷ್ಟೊಂದು ಮಾಹಿತಿ ಇದೆ, ಮಕ್ಕಳಿಗೆ ತುಂಬ ಉಪಯುಕ್ತ. ಮೊದಲ ಮಾತು ಪುಸ್ತಕವನ್ನು ಮುಂದೆ ನಡೆದ ಸಂಗತಿಗಳ ಪಕ್ಕದಲ್ಲಿಟ್ಟು ಅಳೆಯುತ್ತದೆ, ಎರಡನೆಯದು ಪಠ್ಯಪುಸ್ತಕದ ಪಕ್ಕದಲ್ಲಿಟ್ಟು. ಎರಡೂ ಮೆಚ್ಚುಗೆಗಳ ಬೆನ್ನಿಗಿರುವ ನಂಬಿಕೆ ಒಂದೇ. ಇಂಥ ಪುಸ್ತಕಗಳಿರುವುದು ಸರಿಯಾದ ಸಂಗತಿಗಳನ್ನು ಓದುಗರಿಗೆ ತಲುಪಿಸಲು. ಆ ಕೆಲಸವನ್ನು ಹಿತವಾಗಿಸಲು ಕತೆಯೊಂದು ಉಪಾಯ. ಆದ್ದರಿಂದ ಎಷ್ಟು ಸಂಗತಿ ಸರಿ ಎಂದು ಎಣಿಸಿದರೆ ಪುಸ್ತಕದ ಬೆಲೆ ಗೊತ್ತಾಗುತ್ತದೆ. ಈ ನಂಬಿಕೆಯೊಳಗೆ ಗೊಂದಲವಿದೆ ಎಂಬುದು ನನ್ನ ವಾದ. ಒಳ್ಳೆಯ ಪುಸ್ತಕಗಳು ತಪ್ಪು ಕಾರಣಕ್ಕೆ ಹೊಗಳಿಸಿಕೊಳ್ಳುವುದು ಇದರಿಂದಾಗುವ ಸಣ್ಣ ನಷ್ಟ. ಕೆಟ್ಟ ಪುಸ್ತಕಗಳು ಸರಿಯಾದ ಸಂಗತಿಗಳ ಮರೆಯಲ್ಲಿ ಮಕ್ಕಳ ಕೈ ಸೇರುವುದು ದೊಡ್ಡ ನಷ್ಟ.

ಈ ನಂಬಿಕೆಗೆ ಗೌರವಯುತವಾದ ಚರಿತ್ರೆ ಇದೆ, ಅದನ್ನು ಮೊದಲು ಹೇಳಬೇಕು. ಕನ್ನಡದಲ್ಲಿ ಮಕ್ಕಳಿಗೆ ಜಗತ್ತನ್ನು ಪರಿಚಯಿಸುವ ಪುಸ್ತಕಗಳು ಇಲ್ಲವೇ ಇಲ್ಲ ಎನ್ನುವ ಕಾಲದಲ್ಲಿ ಶಿವರಾಮ ಕಾರಂತರು ‘ಬಾಲಪ್ರಪಂಚ’ಕ್ಕೆ ಕೈ ಹಾಕಿದರು, ಆಮೇಲೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದು ಮುಗಿಸಿದರು. ಹಳ್ಳಿಯ ಶಾಲೆಯಲ್ಲಿ ಕನ್ನಡವನ್ನಷ್ಟೇ ಬಲ್ಲ ಮಗುವಿಗೆ ನಕ್ಷತ್ರ, ಜ್ವಾಲಾಮುಖಿ, ತಿಮಿಂಗಿಲಗಳ ಬಗ್ಗೆ ತಿಳಿಯಲು ಬೇರೆ ದಾರಿ ಇರಲಿಲ್ಲ. ಅಂಥ ಕೊರತೆಯ ನಡುವೆ ಪುಸ್ತಕದಲ್ಲಿ ಎಷ್ಟು ವಿಷಯವಿದೆ ಎಂದು ಕೇಳುವುದು ತೀರ ಸಹಜ. ಅಮೆರಿಕದಲ್ಲೂ ವಿಜ್ಞಾನ ಕಥೆಗೆಂದೇ ಮೀಸಲಾದ ಪತ್ರಿಕೆಯನ್ನು 1926ರಲ್ಲಿ ಶುರುಮಾಡಿದ ಹ್ಯೂಗೊ ಗರ್ನ್ಸ್‌ಬ್ಯಾಕ್ ಇದೇ ನಿಲುವಿನವರು: ಕತೆ ರಂಜಿಸಬೇಕು, ಜೊತೆಗೆ ವಿಜ್ಞಾನ ಕಲಿಸಬೇಕು, ಮುಂದೆ ಬರುವುದನ್ನು ಮುಂಚಿತವಾಗಿ ತೋರಿಸಬೇಕು. ಆದರೆ ಕಾರಂತರು ಕಡಲಿನ ಬಗ್ಗೆ ಕನ್ನಡಕ್ಕೆ ತರಲು ಆರಿಸಿಕೊಂಡದ್ದು ರೇಚಲ್ ಕಾರ್ಸನ್ನರ ಪುಸ್ತಕವನ್ನು ಎಂಬುದನ್ನೂ ಗಮನಿಸಬೇಕು. ಕಡಲಿನ ವಿಚಾರದಲ್ಲಿ ಅದಕ್ಕಿಂತ ಹೆಚ್ಚು ಅಂಕಿಅಂಶ ತುಂಬಿದ ಪುಸ್ತಕಗಳು ಆಗಲೂ ಇದ್ದವು.

ಮೊದಲು ಭವಿಷ್ಯದ ಅಳತೆಗೋಲನ್ನು ನೋಡೋಣ. ಅದು ಮೂರು ಕಡೆ ಮುರಿಯುತ್ತದೆ.

1. ಇಲ್ಲಿ ಎಣಿಕೆಯೇ ಪ್ರಾಮಾಣಿಕವಲ್ಲ. ಜೂಲ್ಸ್ ವರ್ನ್ 1865ರ ಚಂದ್ರಯಾನದ ಕಾದಂಬರಿಯಲ್ಲಿ ಮೂವರು ಪ್ರಯಾಣಿಕರನ್ನು ಫ್ಲಾರಿಡಾದಿಂದ ಹಾರಿಸಿದ, ಅಪೊಲೊ 11 ಕೂಡ 1969ರಲ್ಲಿ ಮೂವರನ್ನು ಹೊತ್ತು ಫ್ಲಾರಿಡಾದಿಂದಲೇ ಹೊರಟಿತು ಎಂದು ಬೆರಗಾಗುತ್ತೇವೆ. ಆ ಮೂವರನ್ನು ವರ್ನ್ ಹಾರಿಸಿದ್ದು 900 ಅಡಿ ಉದ್ದದ ಫಿರಂಗಿಯಿಂದ ಎಂಬುದನ್ನು ಬಿಟ್ಟುಬಿಡುತ್ತೇವೆ. ಅಷ್ಟು ಗಿಡ್ಡ ನಳಿಕೆಯೊಳಗೆ ಭೂಮಿಯ ಸೆಳೆತ ಮೀರುವ ವೇಗ ಬರಬೇಕಾದರೆ ಒಳಗಿದ್ದವರ ಮೇಲೆ ಗುರುತ್ವದ ಇಪ್ಪತ್ತು ಸಾವಿರ ಪಟ್ಟಿಗೂ ಮೀರಿದ ಒತ್ತಡ ಬೀಳುತ್ತದೆ; ನಳಿಕೆ ದಾಟುವ ಮೊದಲೇ ಅವರು ಸತ್ತಿರುತ್ತಾರೆ. ತಾಳೆಯಾದದ್ದನ್ನು ಲೆಕ್ಕಕ್ಕೆ ಹಿಡಿದು ತಾಳೆಯಾಗದ್ದನ್ನು ಬಿಟ್ಟರೆ ಯಾವ ಪುಸ್ತಕವೂ ಭವಿಷ್ಯವಾಣಿಯಾಗುತ್ತದೆ.

2. ಭವಿಷ್ಯವೆಂದು ನಾವು ತೋರಿಸುವ ಎಷ್ಟೋ ಸಂಗತಿಗಳು ಆ ಲೇಖಕರಿಗೆ ವರ್ತಮಾನವೇ ಆಗಿದ್ದವು. ವರ್ನ್‌ನ ‘ನಾಟಿಲಸ್’ಗೆ ಎಪ್ಪತ್ತು ವರ್ಷ ಮುಂಚೆ, 1800ರಲ್ಲಿ, ರಾಬರ್ಟ್ ಫುಲ್ಟನ್ ಫ್ರಾನ್ಸಿನಲ್ಲಿ ಅದೇ ಹೆಸರಿನ ಜಲಾಂತರ್ಗಾಮಿಯನ್ನು ಪರೀಕ್ಷಿಸಿದ್ದ. ಬೇಗಂ ರೊಕೇಯಾ 1905ರಲ್ಲಿ ಬರೆದ ‘ಸುಲ್ತಾನಾಳ ಕನಸು’ ಕತೆಯಲ್ಲಿ ಸೂರ್ಯನ ಶಾಖದಿಂದ ಅಡುಗೆ ನಡೆಯುವುದನ್ನು ಇಂದಿನ ಓದುಗರು ಎತ್ತಿ ಹೇಳುತ್ತಾರೆ. ಬಿಸಿಲಿನಿಂದ ನಡೆಯುವ ಯಂತ್ರ 1878ರಲ್ಲೇ ಪ್ಯಾರಿಸ್ಸಿನ ಪ್ರದರ್ಶನದಲ್ಲಿತ್ತು. ರೊಕೇಯಾ ಊಹಿಸಿದ್ದು ಅದಕ್ಕಿಂತ ಬಹಳ ಕಠಿಣವಾದದ್ದು: ಗಂಡಸರು ಜನಾನಾದೊಳಗಿದ್ದು ಹೆಂಗಸರು ರಾಜ್ಯ ನಡೆಸಿದರೆ ಏನೇನು ಬದಲಾಗುತ್ತದೆ ಎಂಬುದನ್ನು. ಸೌರ ಒಲೆಗೆ ಚಪ್ಪಾಳೆ ತಟ್ಟುವ ಓದು ಆ ಪ್ರಶ್ನೆಯನ್ನು ದಾಟಿಕೊಂಡು ಹೋಗುತ್ತದೆ. ಇನ್ನು ಆರ್ಥರ್ ಕ್ಲಾರ್ಕ್ ಸಂಪರ್ಕ ಉಪಗ್ರಹಗಳನ್ನು ಮೊದಲೇ ಹೇಳಿದ್ದ ಎನ್ನುವುದು ನಿಜ. ಆದರೆ ಅವನು ಹೇಳಿದ್ದು 1945ರಲ್ಲಿ ರೇಡಿಯೊ ತಂತ್ರಜ್ಞಾನದ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ಕತೆಯಲ್ಲಲ್ಲ. ಅದರಲ್ಲೂ ಮನುಷ್ಯರು ವಾಸವಿದ್ದು ನೋಡಿಕೊಳ್ಳುವ ನಿಲ್ದಾಣಗಳನ್ನು ಅವನು ಕಲ್ಪಿಸಿಕೊಂಡಿದ್ದ.

3. ಅಳತೆಗೋಲು ಸರಿಯಾಗಿದ್ದರೆ ಅದು ಕೊಡುವ ಫಲಿತಾಂಶವೂ ಸರಿಯಾಗಿರಬೇಕಿತ್ತು. ಗರ್ನ್ಸ್‌ಬ್ಯಾಕ್ ಸ್ವತಃ 1911ರಲ್ಲಿ ಧಾರಾವಾಹಿಯಾಗಿ ಬರೆದ ಕಾದಂಬರಿಯಲ್ಲಿ ರೇಡಾರ್ ತತ್ತ್ವದ ಸಾಧನವೊಂದರ ವಿವರಣೆ ಇದೆ. ಭವಿಷ್ಯದ ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕ ಸಿಗಬೇಕು. ಆದರೆ ಇವತ್ತು ಅದನ್ನು ಓದುವವರು ಇತಿಹಾಸಕಾರರು ಮಾತ್ರ. ರೇ ಬ್ರ್ಯಾಡ್‌ಬರಿ 1950ರಲ್ಲಿ ಪ್ರಕಟಿಸಿದ ಮಂಗಳ ಗ್ರಹದ ಕತೆಗಳಲ್ಲಿ ಕಾಲುವೆಗಳಿವೆ, ಉಸಿರಾಡಬಹುದಾದ ಗಾಳಿಯಿದೆ, ಹಳೆಯ ನಾಗರಿಕತೆಯಿದೆ. 1965ರ ಜುಲೈಯಲ್ಲಿ ಮ್ಯಾರಿನರ್ 4 ನೌಕೆ ಕಳಿಸಿದ ಚಿತ್ರಗಳಲ್ಲಿ ಕಂಡದ್ದು ಒಣ ಕುಳಿಗಳು. ಅಲ್ಲಿಯ ಗಾಳಿ ನಮ್ಮದರ ನೂರರಲ್ಲೊಂದು ಪಾಲೂ ಇಲ್ಲವೆಂದು ಗೊತ್ತಾಯಿತು. ಮಾಹಿತಿಯೇ ಬೆಲೆಯಾಗಿದ್ದರೆ ಆ ಕತೆಗಳು ಅಂದೇ ಸಾಯಬೇಕಿತ್ತು. ಅವು ಇಂದಿಗೂ ಓದಿಸಿಕೊಳ್ಳುತ್ತಿವೆ. ಹೊಸ ನೆಲಕ್ಕೆ ಹೋದವರು ಅಲ್ಲಿಯವರಿಗೆ ರೋಗ ತಗುಲಿಸಿ, ಅವರು ಅಳಿದ ಮೇಲೆ ಬೆಟ್ಟಹೊಳೆಗಳಿಗೆ ತಮ್ಮ ಹೆಸರಿಡುವುದನ್ನು ಬ್ರ್ಯಾಡ್‌ಬರಿ ತೋರಿಸಿದ ಬಗೆಗೆ ಮ್ಯಾರಿನರ್ ಚಿತ್ರಗಳಿಂದ ಏನೂ ಆಗಲಿಲ್ಲ.

ಇದಕ್ಕೆ ಬಲವಾದ ಆಕ್ಷೇಪಣೆಯೊಂದಿದೆ. ಎಚ್. ಜಿ. ವೆಲ್ಸ್ 1914ರಲ್ಲಿ ಅಣುಬಾಂಬುಗಳ ಯುದ್ಧವನ್ನು ಕಾದಂಬರಿಯಾಗಿ ಬರೆದ. ಭೌತವಿಜ್ಞಾನಿ ಲಿಯೊ ಜಿಲಾರ್ಡ್ 1932ರಲ್ಲಿ ಅದನ್ನು ಓದಿದ. ಮರುವರ್ಷವೇ ಅವನಿಗೆ ಸರಪಳಿ ಕ್ರಿಯೆಯ ಕಲ್ಪನೆ ಹೊಳೆಯಿತು. ಇಲ್ಲಿ ಭವಿಷ್ಯ ನಿಜವಾಗಲಿಲ್ಲವೇ? ಬಾಂಬಿನ ವಿವರಕ್ಕೆ ಬಂದರೆ ಇಲ್ಲ: ವೆಲ್ಸ್‌ನ ಬಾಂಬು ಒಮ್ಮೆಲೇ ಸಿಡಿದು ಮುಗಿಯುವುದಿಲ್ಲ, ಬಿದ್ದಲ್ಲೇ ದಿನಗಟ್ಟಲೆ ಉರಿಯುತ್ತ ಸಿಡಿಯುತ್ತಲೇ ಇರುತ್ತದೆ. ಜಿಲಾರ್ಡ್‌ಗೆ ಅದರಿಂದ ತಂತ್ರ ಸಿಕ್ಕಲಿಲ್ಲ. ತಂತ್ರವನ್ನು ಅವನು ತನ್ನ ಭೌತವಿಜ್ಞಾನದಿಂದ ಪಡೆದ. ಇಂಥದೊಂದು ಶಕ್ತಿ ಕೈಗೆ ಬಂದರೆ ಜಗತ್ತು ಏನಾಗುತ್ತದೆ ಎಂಬ ಅರಿವು ಮಾತ್ರ ವೆಲ್ಸ್‌ನಿಂದ ಬಂತು. ಅದು ತಿಳಿದಿದ್ದರಿಂದಲೇ ತನ್ನ ಪೇಟೆಂಟ್ ಬಹಿರಂಗವಾಗದಂತೆ ನೋಡಿಕೊಂಡೆನೆಂದು ಅವನು ಮುಂದೆ ಹೇಳಿಕೊಂಡಿದ್ದಾನೆ; ಅದನ್ನು ಬ್ರಿಟಿಷ್ ನೌಕಾಪಡೆಯ ಆಡಳಿತಕ್ಕೆ ಒಪ್ಪಿಸಿದ. ಕಾದಂಬರಿಯಲ್ಲಿ ಅವನಿಗೆ ಸಿಕ್ಕಿದ್ದು ಪರಿಣಾಮಗಳ ಸರಣಿ. ವಿಜ್ಞಾನ ಕಥೆಯ ನಿಜವಾದ ಕೆಲಸ ಇಲ್ಲಿದೆ ಎಂದು ನನಗನ್ನಿಸುತ್ತದೆ: ಒಂದನ್ನು ಒಪ್ಪಿಕೊಂಡ ಮೇಲೆ ಅದರಿಂದ ಹುಟ್ಟುವ ಎಲ್ಲವನ್ನೂ, ನಮಗೆ ಇಷ್ಟವಿರಲಿ ಇಲ್ಲದಿರಲಿ, ಒಪ್ಪಿಕೊಳ್ಳಬೇಕಾದ ಶಿಸ್ತು. ವೆಲ್ಸ್ 1901ರ ತನ್ನ ಚಂದ್ರಯಾನದ ಕಾದಂಬರಿಯಲ್ಲಿ ಗುರುತ್ವವನ್ನು ತಡೆಯುವ ವಸ್ತುವೊಂದನ್ನು ಕಲ್ಪಿಸುತ್ತಾನೆ. ಅಂಥ ವಸ್ತು ಅಸಾಧ್ಯ. ತಾನು ಬಳಸುವುದು ಭೌತವಿಜ್ಞಾನ, ವೆಲ್ಸ್ ಸುಮ್ಮನೆ ಕಲ್ಪಿಸುತ್ತಾನೆ ಎಂದು ವರ್ನ್ ಅಸಮಾಧಾನಪಟ್ಟದ್ದೂ ಇದಕ್ಕೇ. ಆದರೆ ಕಲ್ಪಿಸಿದ ಮೇಲೆ ವೆಲ್ಸ್ ಅದಕ್ಕೆ ವಿನಾಯಿತಿ ಕೊಡುವುದಿಲ್ಲ. ಹಾಳೆಯಾಗಿ ತಯಾರಾದ ಆ ವಸ್ತುವಿನ ಮೇಲಿದ್ದ ಗಾಳಿಯೂ ತೂಕ ಕಳೆದುಕೊಳ್ಳಬೇಕಲ್ಲ? ಗಾಳಿ ಕಾರಂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ, ಮನೆ ಹಾರಿಹೋಗುತ್ತದೆ. ಸಂಗತಿ ಪೂರ್ತಿ ಸುಳ್ಳು, ಯೋಚನೆಯ ಕ್ರಮ ಪೂರ್ತಿ ಸತ್ಯ.

ಹಾಗಾದರೆ ಪುರಾಣಕ್ಕೂ ಇದಕ್ಕೂ ಏನು ವ್ಯತ್ಯಾಸ, ಅಲ್ಲೂ ಒಂದು ಕಲ್ಪನೆಯಿಂದ ಇನ್ನೊಂದು ಹುಟ್ಟುತ್ತದಲ್ಲ ಎಂದು ಕೇಳಬಹುದು. ವ್ಯತ್ಯಾಸ ಸ್ಪಷ್ಟವಾಗಿದೆ. ಶಾಪ, ವರಗಳ ಲೋಕದಲ್ಲಿ ಘಟನೆಗೆ ಕಾರಣ ವ್ಯಕ್ತಿಯ ಯೋಗ್ಯತೆ: ಯಾರು ತಪಸ್ಸು ಮಾಡಿದರು, ಯಾರು ಮಾತು ತಪ್ಪಿದರು ಎಂಬುದರ ಮೇಲೆ ಮಳೆಬೆಳೆಯೂ ನಿಂತಿರುತ್ತದೆ. ನೀತಿಯ ಲೋಕವನ್ನು ಕಟ್ಟಲು ಅದು ಅದ್ಭುತವಾದ ಕ್ರಮ, ಅದನ್ನು ಕೀಳಾಗಿ ನೋಡುವ ಕಾರಣವಿಲ್ಲ. ವಿಜ್ಞಾನ ಕಥೆಯಲ್ಲಿ ಮಾತ್ರ ಜಗತ್ತಿಗೆ ನೀವು ಯಾರೆಂದು ಗೊತ್ತಿಲ್ಲ. ವೆಲ್ಸ್‌ನ ಮಂಗಳವಾಸಿಗಳು ಭೂಮಿಯಲ್ಲಿ ಸಾಯುವುದು ಮನುಷ್ಯರ ಶೌರ್ಯದಿಂದಲ್ಲ. ನಮ್ಮ ಪೂರ್ವಿಕರು ಲಕ್ಷಾಂತರ ವರ್ಷ ಸತ್ತು ಸತ್ತು ಗಳಿಸಿದ ರೋಗನಿರೋಧ ಅವರಿಗಿರಲಿಲ್ಲ, ಆದ್ದರಿಂದ ಸೂಕ್ಷ್ಮಜೀವಿಗಳು ಅವರನ್ನು ಕೊಂದವು.

ಈ ಗುಣವೇ, ಅಂದರೆ ನಮ್ಮ ಇಷ್ಟಕ್ಕೆ ಬಗ್ಗದ ಜಗತ್ತನ್ನು ಎದುರು ನಿಲ್ಲಿಸುವುದು, ಮಕ್ಕಳ ಪರಿಸರ ಪುಸ್ತಕಕ್ಕೂ ಬೇಕಾದದ್ದು. ಮಾಹಿತಿಯ ಎಣಿಕೆ ಅದನ್ನು ಹಿಡಿಯಲಾರದು. ನಮ್ಮ ಶಾಲೆಗಳಲ್ಲಿ ಪ್ರಾಣಿಗಳ ಬಗ್ಗೆ ಬರೆಸುವ ಪ್ರಬಂಧದ ಮಾದರಿಯನ್ನೇ ನೋಡಿ. ಹಸು ಸಾಕುಪ್ರಾಣಿ, ಹಾಲು ಕೊಡುತ್ತದೆ, ಸಗಣಿ ಗೊಬ್ಬರವಾಗುತ್ತದೆ. ಜೇನು ನಮಗೆ ಸಿಹಿ ಕೊಡುತ್ತದೆ. ಮರ ನೆರಳು, ಹಣ್ಣು, ಕಟ್ಟಿಗೆ ಕೊಡುತ್ತದೆ. ಹಕ್ಕಿ ಹುಳ ತಿಂದು ರೈತನಿಗೆ ನೆರವಾಗುತ್ತದೆ. ಒಂದೊಂದು ವಾಕ್ಯವೂ ಸರಿ. ಎಲ್ಲ ವಾಕ್ಯಗಳೂ ಸೇರಿ ಕೊಡುವ ಚಿತ್ರ ಮಾತ್ರ ತಪ್ಪು: ಜೀವಲೋಕವೆಲ್ಲ ಮನುಷ್ಯನ ಮನೆಯ ಉಗ್ರಾಣ ಎಂಬ ಚಿತ್ರ. ಜೇನುನೊಣ ನಮಗೆಂದು ಏನನ್ನೂ ಮಾಡುವುದಿಲ್ಲ. ಉಪಯೋಗದ ಪಟ್ಟಿಯಿಂದ ಆರಂಭಿಸಿದವರು ಉಪದ್ರವದ ಪಟ್ಟಿಗೆ ಬರುವುದು ಸುಲಭ ಎಂಬುದಕ್ಕೆ ಇತಿಹಾಸದಲ್ಲಿ ಕ್ರೂರವಾದ ಸಾಕ್ಷ್ಯವಿದೆ. ಚೀನಾದಲ್ಲಿ 1958ರಲ್ಲಿ ಗುಬ್ಬಚ್ಚಿಗಳು ಧಾನ್ಯ ತಿನ್ನುತ್ತವೆ ಎಂಬ ಸರಿಯಾದ ಮಾಹಿತಿಯ ಆಧಾರದ ಮೇಲೆಯೇ ಅವುಗಳನ್ನು ಲೆಕ್ಕವಿಲ್ಲದಷ್ಟು ಕೊಂದರು. ಗುಬ್ಬಚ್ಚಿಗಳು ತಿನ್ನುತ್ತಿದ್ದ ಕೀಟಗಳು ಹೆಚ್ಚಿ ಬೆಳೆ ಹಾಳಾದವು, 1960ರಲ್ಲಿ ಗುಬ್ಬಚ್ಚಿಯನ್ನು ಉಪದ್ರವದ ಪಟ್ಟಿಯಿಂದ ತೆಗೆದು ತಿಗಣೆಯನ್ನು ಸೇರಿಸಬೇಕಾಯಿತು. ಆಗ ತಪ್ಪಾಗಿದ್ದದ್ದು ಗುಬ್ಬಚ್ಚಿಯ ಬಗೆಗಿನ ಸಂಗತಿಯಲ್ಲ. ಒಂದು ಹಕ್ಕಿಯ ಬದುಕನ್ನು ನಮ್ಮ ಕಣಜದಿಂದ ನೋಡಿದ ದೃಷ್ಟಿ.

ಹಾಗೆಂದು ಸಂಗತಿ ತಪ್ಪಿದರೂ ಪರವಾಗಿಲ್ಲ ಎನ್ನಬಹುದೇ? ಇದು ಅತ್ಯಂತ ಗಂಭೀರವಾದ ಆಕ್ಷೇಪಣೆ. ದೊಡ್ಡವರು ಬ್ರ್ಯಾಡ್‌ಬರಿಯ ಕಾಲುವೆಗಳನ್ನು ಕಲ್ಪನೆಯೆಂದು ಗುರುತಿಸಬಲ್ಲರು. ಏಳು ವರ್ಷದ ಮಗು ಹಾಗೆ ಬೇರ್ಪಡಿಸಲಾರದು, ಮೊದಲು ಕೂತದ್ದು ಮನಸ್ಸಿನಲ್ಲಿ ಕೂತೇಬಿಡುತ್ತದೆ ಎನ್ನುತ್ತಾರೆ. ಉತ್ತರಕ್ಕೆ ಎರಡು ತಪ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಿಕ್ ಕಾರ್ಲ್ 1969ರಲ್ಲಿ ಮಾಡಿದ ಹಸಿದ ಕಂಬಳಿಹುಳುವಿನ ಚಿತ್ರಪುಸ್ತಕ ಜಗತ್ತಿನ ಲಕ್ಷಾಂತರ ಮಕ್ಕಳ ಮೊದಲ ಪ್ರಕೃತಿ ಪುಸ್ತಕ. ಅದರಲ್ಲಿ ಹುಳು ಕೇಕು, ಐಸ್‌ಕ್ರೀಂ ತಿನ್ನುತ್ತದೆ. ಕೊನೆಗೆ ಪತಂಗಗಳ ಹಾಗೆ ಸುತ್ತಲೂ ಗೂಡು ಕಟ್ಟಿಕೊಂಡು ಚಿಟ್ಟೆಯಾಗಿ ಹೊರಬರುತ್ತದೆ. ಚಿಟ್ಟೆಯ ಹುಳು ಸಾಮಾನ್ಯವಾಗಿ ಅಂಥ ಗೂಡು ನೇಯುವುದಿಲ್ಲ. ಚರ್ಮ ಕಳಚಿದಾಗ ಒಳಗಿನಿಂದ ಗಟ್ಟಿಯಾದ ಕೋಶವೇ ಬಯಲಾಗುತ್ತದೆ. ಇನ್ನೊಂದು ತಪ್ಪು ವಿಲಿಯಂ ಲಾಂಗ್ ಎಂಬ ಅಮೆರಿಕದ ಪಾದ್ರಿಯದು. ಮುರಿದ ಕಾಲಿಗೆ ಜೇಡಿಮಣ್ಣು ಮತ್ತು ಹುಲ್ಲಿನೆಳೆಗಳಿಂದ ತಾನೇ ಕಟ್ಟು ಹಾಕಿಕೊಂಡ ಹಕ್ಕಿಯನ್ನು ಕಣ್ಣಾರೆ ಕಂಡೆನೆಂದು ಅವನು 1903ರಲ್ಲಿ ಬರೆದ. ಅವನ ಪುಸ್ತಕಗಳು ಶಾಲೆಗಳಲ್ಲಿ ಓದಿಗೆ ಇದ್ದವು. ಪ್ರಕೃತಿ ಲೇಖಕ ಜಾನ್ ಬರೋಸ್ ಇಂಥ ಬರವಣಿಗೆಯ ಮೇಲೆ ಸಿಟ್ಟಿನಿಂದ ಎರಗಿದ, ಜಗಳ ಬೆಳೆದು 1907ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್‌ವರೆಗೆ ಹೋಯಿತು. ಕಾರ್ಲ್‌ನ ತಪ್ಪನ್ನು ಟೀಚರು ಒಂದು ವಾಕ್ಯದಲ್ಲಿ ತಿದ್ದಬಹುದು. ತಿದ್ದಿದ ಮೇಲೂ ಪುಸ್ತಕದ ತಿರುಳು ಉಳಿಯುತ್ತದೆ: ತಿನ್ನುವುದು, ಬೆಳೆಯುವುದು, ಒಂದು ಜೀವ ಇನ್ನೊಂದೇ ರೂಪ ತಾಳುವುದು. ಲಾಂಗ್‌ನ ತಪ್ಪನ್ನು ತಿದ್ದಿದರೆ ಏನೂ ಉಳಿಯುವುದಿಲ್ಲ, ಏಕೆಂದರೆ ಹಕ್ಕಿಯೂ ನಮ್ಮ ಹಾಗೆಯೇ ಯೋಚಿಸುವ ಪುಟ್ಟ ಮನುಷ್ಯ ಎಂಬುದೇ ಅದರ ತಿರುಳು. ಮೇಲಾಗಿ ಅವನು ಕಂಡೆನೆಂದು ಹೇಳಿಕೊಂಡ. ಕಲ್ಪನೆ ಅನ್ನುವ ಒಪ್ಪಂದವಿಲ್ಲದೆ ಕಲ್ಪನೆಯನ್ನು ಕೊಡುವುದು ಮೋಸ. ತಪ್ಪುಗಳನ್ನು ಎಣಿಸಿದರೆ ಎರಡು ಪುಸ್ತಕಗಳೂ ಸಮ. ಮಗುವಿನಲ್ಲಿ ಉಳಿಯುವುದನ್ನು ನೋಡಿದರೆ ಅವೆರಡರ ನಡುವೆ ಹೋಲಿಕೆಯೇ ಇಲ್ಲ.

ಕಲ್ಪನೆ ಬಂದ ಕೂಡಲೇ ಪ್ರಕೃತಿ ಬರವಣಿಗೆ ಕೆಡುತ್ತದೆ ಎಂಬ ಭಯವೂ ನಿಲ್ಲುವುದಿಲ್ಲ. ಕೀಟನಾಶಕಗಳ ವಿರುದ್ಧ ಜಗತ್ತನ್ನೇ ಎಚ್ಚರಿಸಿದ ರೇಚಲ್ ಕಾರ್ಸನ್ನರ 1962ರ ಪುಸ್ತಕ ಶುರುವಾಗುವುದು ಇಲ್ಲದ ಊರಿನ ಕತೆಯಿಂದ: ವಸಂತ ಬಂದರೂ ಹಕ್ಕಿಯ ದನಿ ಕೇಳದ ಊರು. ಅಂಥ ಊರು ಎಲ್ಲಿದೆ ಎಂದು ವಿರೋಧಿಗಳು ಹಿಡಿದುಕೊಂಡರು. ಇಂಥ ಊರು ಇಲ್ಲವೆಂದು, ಆದರೆ ಅಲ್ಲಿ ನಡೆದ ಒಂದೊಂದು ಅನಾಹುತವೂ ಎಲ್ಲೋ ಒಂದು ಕಡೆ ನಡೆದದ್ದೇ ಎಂದು ಕಾರ್ಸನ್ ಅಲ್ಲೇ ಹೇಳಿದ್ದರು. ಅಲ್ಲಲ್ಲಿ ನಡೆದದ್ದೆಲ್ಲ ಒಂದೇ ಕಡೆ ನಡೆದರೆ ಎಂದು ಕೇಳಿಕೊಂಡು ಕೊನೆಯವರೆಗೆ ನಡೆದು ನೋಡುವುದು ವಿಜ್ಞಾನ ಕಥೆಗಾರನ ಕ್ರಮ. ಮೀನುಗಾರಿಕೆ ಮತ್ತು ವನ್ಯಜೀವಿ ಇಲಾಖೆಯಲ್ಲಿ ಜೀವವಿಜ್ಞಾನಿಯಾಗಿ ದುಡಿದ, ಒಂದೊಂದು ಅಂಕಿಯನ್ನೂ ಪರೀಕ್ಷಿಸಿ ಬರೆಯುತ್ತಿದ್ದ ಕಾರ್ಸನ್ನರಿಗೆ ಆ ಕ್ರಮ ಬೇಕೆನಿಸಿತು.

ಕನ್ನಡದಲ್ಲಿ ಈ ಎರಡು ಬಗೆಗಳು ಕೂಡುವ ಜಾಗ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಆ ಕಾದಂಬರಿಯ ಬಗ್ಗೆ ಓದುಗರು ಇಂದಿಗೂ ಕೇಳುವ ಮೊದಲ ಪ್ರಶ್ನೆ: ಹಾರುವ ಓತಿ ನಿಜವಾಗಿಯೂ ಇದೆಯೇ? ಇದೆ. ಪಶ್ಚಿಮಘಟ್ಟದ ಕಾಡುಗಳಲ್ಲಿ, ಅಡಕೆ ತೋಟಗಳಲ್ಲಿ ಅದನ್ನು ಕಂಡವರು ಬಹಳ. ಉದ್ದಕ್ಕೆ ಚಾಚಿದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ, ಕಾಂಡದ ಮೇಲಿನ ಇರುವೆ ತಿಂದು ಬದುಕುತ್ತದೆ. ಹಾಗಾದರೆ ಕಾದಂಬರಿಯಲ್ಲಿ ಅದನ್ನು ಯುಗಾಂತರದ ಅಪೂರ್ವ ಜೀವಿಯೆಂದು ಹುಡುಕುವುದೇಕೆ ಎಂದು ಕೆಲವರಿಗೆ ನಿರಾಸೆ. ಆ ಓತಿಯನ್ನು ಪ್ರಾಣಿಶಾಸ್ತ್ರದ ವರದಿಯೆಂದೇ ನಂಬಿದವರಿಗೆ ಇನ್ನೊಂದು ಬಗೆಯ ನಿರಾಸೆ. ಎರಡು ಅಳತೆಗೋಲುಗಳಲ್ಲಿ ಯಾವುದನ್ನು ಹಿಡಿದರೂ ‘ಕರ್ವಾಲೊ’ ಸೋಲುತ್ತದೆ. ಅದು ಯಾವ ಭವಿಷ್ಯವನ್ನೂ ಹೇಳಲಿಲ್ಲ, ಸರೀಸೃಪಗಳ ಪಾಠವಾಗಿಯೂ ಅದನ್ನು ಒಪ್ಪಲಾಗದು. ಆದರೂ ಜೀವವಿಕಾಸ ಎಂಬ ಕಲ್ಪನೆ ಪಠ್ಯದಿಂದಲ್ಲದೆ ಈ ಕಾದಂಬರಿಯಿಂದಲೇ ಮೈಗೆ ತಾಗಿತು ಎನ್ನುವ ಕನ್ನಡಿಗರು ಎಷ್ಟೊಂದು ಜನ! ಅದಕ್ಕೆ ಕಾರಣ ಓತಿಯ ಬಗೆಗಿನ ಸಂಗತಿಗಳಲ್ಲ. ಜೇನು ಹಿಡಿಯುವ ಮಂದಣ್ಣನನ್ನು ಊರು ಕೆಲಸಕ್ಕೆ ಬಾರದವನೆಂದು ಬಗೆದರೆ, ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟಾ ಪ್ರಕೃತಿವಿಜ್ಞಾನಿಯನ್ನು ಕಾಣುತ್ತಾರೆ. ಅಂದರೆ ನೋಡುವ ಶಕ್ತಿ ಪದವಿಯಿಂದ ಬರುವುದಲ್ಲ ಎಂಬುದು ವಾದವಾಗಿ ಬರದೆ ಮನುಷ್ಯನಾಗಿ ಎದುರು ನಿಲ್ಲುತ್ತದೆ. ಅಷ್ಟು ದೂರ ಬೆನ್ನಟ್ಟಿ ಹೋದವರ ಕೈಗೆ ಸಿಗದೆ ಓತಿ ಪ್ರಪಾತದತ್ತ ತೇಲಿಹೋಗುತ್ತದೆ. ಹುಡುಕಿದವರ ಶ್ರದ್ಧೆಗೆ ಪ್ರತಿಫಲವಾಗಿ ತನ್ನನ್ನು ಒಪ್ಪಿಸಿಕೊಳ್ಳುವ ಹಂಗು ಆ ಜೀವಿಗಿಲ್ಲ. ಮಾಹಿತಿ ಎಣಿಸುವವನಿಗೆ ಆ ಕೊನೆಯ ಪುಟಗಳಿಂದ ದಕ್ಕುವುದು ಸೊನ್ನೆ, ಕಾದಂಬರಿಯೆಲ್ಲ ಇರುವುದು ಅಲ್ಲೇ.

ಸಂಗತಿಗಳ ಅಳತೆಯನ್ನು ಬಿಟ್ಟರೆ ಮಿಥ್ಯಾವಿಜ್ಞಾನಕ್ಕೆ ಬಾಗಿಲು ತೆರೆದಂತಾಗುತ್ತದೆ ಎಂದು ವಿಚಾರವಾದಿ ಗೆಳೆಯರು ಆತಂಕ ಪಡುತ್ತಾರೆ. ಬಾಗಿಲು ತೆರೆದಿರುವುದು ಇನ್ನೊಂದು ಕಡೆಯಿಂದ ಎಂಬುದು ನನ್ನ ಉತ್ತರ. ಹಳೆಯ ಪುಸ್ತಕದ ಹಿರಿಮೆ ಅದು ಮುಂದಿನದನ್ನು ಹೇಳಿದ್ದರಲ್ಲಿದೆ ಎಂದು ಒಪ್ಪಿದ ಮೇಲೆ, ಪುಷ್ಪಕ ವಿಮಾನವನ್ನು ತೋರಿಸಿ ನಮ್ಮವರಿಗೆ ಎಲ್ಲ ಗೊತ್ತಿತ್ತು ಎನ್ನುವವನನ್ನು ಯಾವ ತರ್ಕದಿಂದ ತಡೆಯುತ್ತೀರಿ? ವರ್ನ್‌ಗೆ ಕೊಟ್ಟ ಬಿರುದನ್ನೇ ಅವನು ವಾಲ್ಮೀಕಿಗೂ ಕೇಳುತ್ತಿದ್ದಾನೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1974ರಲ್ಲಿ ಪರಿಶೀಲಿಸಿ, ಅದು ಇಪ್ಪತ್ತನೆಯ ಶತಮಾನದ ಕೃತಿಯೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ತೋರಿಸಿದರು. ಅವರು ಮಾಡಿದ್ದು ಸರಿ, ಏಕೆಂದರೆ ಆ ಪುಸ್ತಕ ತನ್ನನ್ನು ಶಾಸ್ತ್ರವೆಂದು ಕರೆದುಕೊಂಡಿತ್ತು. ರಾಮಾಯಣವನ್ನು ಯಾರೂ ಹಾಗೆ ಪರೀಕ್ಷೆಗೆ ಒಡ್ಡಬೇಕಿಲ್ಲ, ಅದು ಅಂಥ ಹೇಳಿಕೆ ಕೊಟ್ಟೇ ಇಲ್ಲ. ನಿಜವೆಂದು ಹೇಳಿಕೊಂಡ ಪುಸ್ತಕ ನಿಜದ ಪರೀಕ್ಷೆಗೆ ಒಳಗಾಗಬೇಕು, ಕಲ್ಪನೆಯೆಂದು ಹೇಳಿಕೊಂಡದ್ದು ಕಲ್ಪನೆಯ ಶಿಸ್ತಿಗೆ. ಎರಡಕ್ಕೂ ಒಂದೇ ಪರೀಕ್ಷೆ ಎಂದುಕೊಂಡಾಗಲೇ ಅನ್ಯಗ್ರಹಜೀವಿಗಳು ಪಿರಮಿಡ್ಡು ಕಟ್ಟಿದರೆಂದು ಬರೆಯುವವರು ವಿಜ್ಞಾನ ಲೇಖಕರ ಸಾಲಿನಲ್ಲಿ ಕುಳಿತುಬಿಡುತ್ತಾರೆ.

ಈ ವಾದಕ್ಕೆ ಒಂದು ಗಡಿಯಿದೆ. ಮಗು ಪುಸ್ತಕದ ವಾಕ್ಯವನ್ನು ನಂಬಿ ತನ್ನ ಮೈಯನ್ನೇ ಪಣಕ್ಕಿಡುವಂತಿದ್ದರೆ ಅಲ್ಲಿ ಸಂಗತಿಯ ನಿಖರತೆಗೆ ಸಮನಾದದ್ದು ಯಾವುದೂ ಇಲ್ಲ. ಹಾವುಗಳ ಪುಸ್ತಕವನ್ನೇ ತೆಗೆದುಕೊಳ್ಳಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ಗುರುತು ತಪ್ಪಿದ್ದರೆ, ಕಚ್ಚಿದ ಜಾಗವನ್ನು ಕೊಯ್ದು ರಕ್ತ ಹೀರಬೇಕು ಎಂದೋ ಬಿಗಿಯಾಗಿ ಹಗ್ಗ ಕಟ್ಟಬೇಕು ಎಂದೋ ಬರೆದಿದ್ದರೆ, ಎಷ್ಟೇ ಒಳ್ಳೆಯ ಕತೆ ಅದನ್ನು ಉಳಿಸಲಾರದು. ಕಚ್ಚಿಸಿಕೊಂಡವರ ಕೈಕಾಲು ಅಲುಗಾಡದಂತೆ ನೋಡಿಕೊಂಡು, ತಡಮಾಡದೆ ಪ್ರತಿವಿಷ ಇರುವ ಆಸ್ಪತ್ರೆಗೆ ಸಾಗಿಸಬೇಕು ಎಂಬುದು ಅಲ್ಲಿ ಇರಲೇಬೇಕು. ವಿಷದ ಅಣಬೆ, ಹುಚ್ಚುನಾಯಿ, ಸಿಡಿಲು, ಪ್ರವಾಹಗಳ ವಿಷಯವೂ ಹೀಗೆಯೇ. ಇವು ಕೈಪಿಡಿಗಳು, ತಜ್ಞರು ಓದಿ ಒಪ್ಪಿದ ಮೇಲೆಯೇ ಅಚ್ಚಾಗಬೇಕು, ತಿಳಿವಳಿಕೆ ಬದಲಾದಾಗಲೆಲ್ಲ ತಿದ್ದಿ ಮರುಮುದ್ರಣವಾಗಬೇಕು, ಹಳೆಯ ಪ್ರತಿಗಳನ್ನು ಶಾಲೆಯ ಕಪಾಟಿನಿಂದ ತೆಗೆಯಬೇಕು. ಕಪಾಟಿನ ಉಳಿದ ಪುಸ್ತಕಗಳಿಗೂ ಇದೇ ನಿಯಮ ಹಚ್ಚಿ, ಮಾಹಿತಿ ಹಳತಾಯಿತೆಂದು ‘ಕರ್ವಾಲೊ’ವನ್ನೂ ಬ್ರ್ಯಾಡ್‌ಬರಿಯ ಮಂಗಳವನ್ನೂ ಅದೇ ಚೀಲಕ್ಕೆ ತುಂಬುವುದನ್ನು ಮಾತ್ರ ಗ್ರಂಥಪಾಲಕರೂ ಅಧ್ಯಾಪಕರೂ ತಡೆಯಬೇಕು.